ಪೋಪ್ ಬದಲಾದರೆ ಡಬ್ಬಿ ವಾಪಸ್ಸಂತೆ

ರೋಮಿನಲ್ಲಿ ಹೊಸ ಪೋಪ್ ಆಯ್ಕೆಯಾದ ಮರುದಿನ ಬೆಳಿಗ್ಗೆ ದಾವಣಗೆರೆಯ ಕರೂರಿನ ನಮ್ಮ ಗಾರ್ಮೆಂಟ್ಸ್ ಗೇಟಿನಲ್ಲೇ ದ್ಯಾಮವ್ವ ನನ್ನನ್ನು ಹಿಡಿದು ನಿಲ್ಲಿಸಿದಳು. ನಾವಿಬ್ಬರೂ ಒಂದೇ ಟೇಬಲ್ಲಿನಲ್ಲಿ ಶರ್ಟಿನ ದಾರ ಕತ್ತರಿಸುವವರು. ಹನ್ನೊಂದು ವರ್ಷದ ಗೆಳೆತನ.

"ನಿಮ್ಮ ಜಗದ್ಗುರುಗಳು ಆದ್ರಂತಲ್ಲೇ ಆರೋಗ್ಯಕ್ಕ! ಆಯ್ಕೆ ಆತು ಅಂತ ಟಿವಿಯಾಗ ಬಿಳೀ ಹೊಗೆ ತೋರಿಸಿದ್ರು. ಎರಡೇ ದಿನಕ್ಕೆ ಮುಗಿಸಿಬಿಟ್ರಲ್ಲ ಮಾರಾಯ್ತಿ! ನಮ್ ಕಡೆ ಆಗಿದ್ರೆ ಇಷ್ಟೊತ್ತಿಗೆ ಎರಡು ಪಾರ್ಟಿ ಆಗಿ ಕೋರ್ಟಿಗೆ ಹೋಗಿರ್ತಿದ್ರು. ಸ್ವೀಟ್ ಎಲ್ಲಿ?"

"ಸ್ವೀಟಂತೆ ಸ್ವೀಟು," ಎಂದೆ. "ಮೊದಲು ನಮ್ ಚರ್ಚಿನ ಮೇಷ್ಟ್ರು ಏನಂತಾರೆ ಕೇಳ್ಕಂಡು ಬರ್ತೀನಿ, ತಡಿ."

ದ್ಯಾಮವ್ವ ಬಾಯಿ ಬಿಟ್ಟುಕೊಂಡು ನೋಡಿದಳು. ಅವಳ ತಪ್ಪೇನಿಲ್ಲ. ಕುಣಿದಾಡಬೇಕಾದ ದಿನ ನಾನು ಮುಖ ಗಂಟು ಹಾಕಿಕೊಂಡು ನಿಂತರೆ ಯಾರಿಗಾದರೂ ವಿಚಿತ್ರ ಅನ್ನಿಸುತ್ತದೆ. ಬೆಳಗಿನಿಂದ ನಮ್ಮವರ ವಾಟ್ಸಾಪ್ ಗ್ರೂಪುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಅಮೆರಿಕದಲ್ಲಿ ಹುಟ್ಟಿದವರಂತೆ, ಪೆರುವಿನ ಬಡವರ ನಡುವೆ ಇದ್ದವರಂತೆ, ಕಣ್ಣಿನಲ್ಲಿ ನೀರು ತುಂಬಿಕೊಂಡೇ ಬಾಲ್ಕನಿಗೆ ಬಂದರಂತೆ. ಇರಲಿ, ದೇವರು ಅವರನ್ನು ನೂರು ವರ್ಷ ಇಟ್ಟಿರಲಿ. ನನಗೆ ತಿಳಿಯಬೇಕಾಗಿದ್ದುದು ಒಂದೇ: ನನ್ನ ಡಬ್ಬಿ ನನಗೆ ವಾಪಸ್ ಬರುತ್ತದೋ ಇಲ್ಲವೋ.

ಡಬ್ಬಿ ಎಂದರೆ ಎಲೆಅಡಿಕೆ ಹಾಕುವವರ ಸುಣ್ಣದ ಡಬ್ಬಿಯಷ್ಟಿರುವ, ಬಂಗಾರದ ಬಣ್ಣದ ಪುಟ್ಟ ಡಬ್ಬಿ. ಭಾನುವಾರದ ಪೂಜೆಯಲ್ಲಿ ಎಲ್ಲರಿಗೂ ಪರಮಪ್ರಸಾದ, ಅಂದರೆ ನಮಗೆ ಸಾಕ್ಷಾತ್ ಕ್ರಿಸ್ತರ ಶರೀರವೇ ಆದ ಗೋಧಿಯ ಬಿಲ್ಲೆ, ಹಂಚಿಯಾದ ಮೇಲೆ, ಕೊನೆಯ ಆಶೀರ್ವಾದಕ್ಕೆ ಮುಂಚೆ, ನಾನು ಪೀಠದ ಮೆಟ್ಟಿಲ ಮೇಲೆ ಹೋಗಿ ನಿಲ್ಲುತ್ತೇನೆ. ಫಾದರ್ ಡಬ್ಬಿಯೊಳಗೆ ಐದು ಪ್ರಸಾದ ಇಟ್ಟು ನನ್ನ ಕೈಗೆ ಕೊಡುತ್ತಾರೆ. ಹಾಸಿಗೆ ಹಿಡಿದು ಚರ್ಚಿಗೆ ಬರಲಾಗದ ಐವರ ಮನೆಗೆ ಒಯ್ದು ಬಾಯಿಗಿಡುವುದು ನನ್ನ ಸೇವೆ. ನಾಲ್ಕು ಮನೆ ದಾವಣಗೆರೆಯಲ್ಲಿ, ಐದನೆಯದು ಹರಿಹರದಲ್ಲಿ. ಆರು ವರ್ಷದ ಹಿಂದೆ ಆಗಿನ ಫಾದರ್ ಸಹಿ ಹಾಕಿ, ಸೀಲು ಒತ್ತಿ ಇದಕ್ಕೊಂದು ಪತ್ರ ಕೊಟ್ಟಿದ್ದರು. ಅದನ್ನು ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿಟ್ಟಿದ್ದೇನೆ. ನಿಟ್ಟುವಳ್ಳಿಯ ನನ್ನ ಬಾಡಿಗೆ ಮನೆಯಲ್ಲಿ ಇದಕ್ಕಿಂತ ಜೋಪಾನವಾಗಿರುವ ಕಾಗದ ಇನ್ನೊಂದಿಲ್ಲ.

ಈಸ್ಟರಿನ ಮಾರನೆಯ ದಿನ ಹಿಂದಿನ ಪೋಪರು ತೀರಿಕೊಂಡರು. ನಾನು ಅತ್ತೆ, ನಿಜವಾಗಿ ಅತ್ತೆ. ಆ ವಾರವೇ ನಮ್ಮ ಸಿಪ್ರಿಯನ್ ಮೇಷ್ಟ್ರು ಟಿವಿಯ ಮುಂದೆ ನೋಟ್‌ಬುಕ್ ಹಿಡಿದು ಕೂತರು. ಮೇಷ್ಟ್ರು ರಿಟೈರಾದ ಹೆಡ್‌ಮಾಸ್ಟರು, ನಮ್ಮ ಚರ್ಚಿನ ಪಾಲನಾ ಸಮಿತಿಯ ಉಪಾಧ್ಯಕ್ಷರು. ಪೋಪ್ ತೀರಿಕೊಂಡರೆ ರೋಮಿನಲ್ಲಿ ಅವರ ಕೈಕೆಳಗಿನ ದೊಡ್ಡ ದೊಡ್ಡ ಹುದ್ದೆಗಳೆಲ್ಲ ಆ ಕ್ಷಣಕ್ಕೇ ಮುಗಿದಂತೆ ಎಂದು ಟಿವಿಯಲ್ಲಿ ಹೇಳಿದರು. ಅದು ರೋಮಿನ ಮಾತು, ಅಲ್ಲಿಯ ದೊಡ್ಡವರ ಮಾತು. ಮೇಷ್ಟ್ರು ಅದನ್ನು ಅಲ್ಲಿಂದ ಎತ್ತಿ ತಂದು ದಾವಣಗೆರೆಯಲ್ಲಿ ಇಳಿಸಿದರು, ಅದೂ ಸರಿಯಾಗಿ ನನ್ನ ತಲೆಯ ಮೇಲೆ.

"ನೋಡು ಆರೋಗ್ಯಮ್ಮ, ನಿನ್ನ ಪತ್ರ ಆ ಪೋಪರ ಕಾಲದ್ದು. ಅವರು ಹೋದ್ರು, ಪತ್ರನೂ ಹೋತು. ಹೊಸಬ್ರು ಬರೋತನಕ ಡಬ್ಬಿ ಚರ್ಚಿನಾಗೆ ಇರ್ಲಿ."

"ಮೇಷ್ಟ್ರೇ, ಕಾಯಿಲೆಯವ್ರು ಕಾಯ್ತಿರ್ತಾರೆ."

"ನಮ್ಮವ್ವನೂ ನಿನ್ನ ಲಿಸ್ಟಿನಾಗ ಐತೆ ಅಲ್ವಾ? ನಮ್ಮವ್ವಂಗೂ ಬ್ಯಾಡ. ರೂಲ್ಸ್ ಅಂದ್ರೆ ರೂಲ್ಸ್."

ಆ ಮಾತಿಗೆ ನಾನು ಸೋತೆ. ಬೇರೆಯವರಿಗೊಂದು, ತನಗೊಂದು ಅನ್ನುವ ಮನುಷ್ಯ ಅವರಲ್ಲ. ಹೆತ್ತ ತಾಯಿಗೇ ಪ್ರಸಾದ ಬೇಡ ಎನ್ನುವವರ ಹತ್ತಿರ ಏನು ಜಗಳ ಆಡುತ್ತೀರಿ? ಈಗಿನ ಫಾದರ್ ಪ್ರಮೋದ್ ಒಳ್ಳೆಯ ಹುಡುಗ, ಆದರೆ ಮೇಷ್ಟ್ರು ಕೆಮ್ಮಿದರೆ ಸಾಕು, ಅವರ ದನಿ ಅಡಗಿಹೋಗುತ್ತದೆ. "ಸ್ವಲ್ಪ ದಿನ ಅಷ್ಟೇ ಆರೋಗ್ಯಮ್ಮ, ನಾನೇ ಒಂದು ಸುತ್ತು ಹೋಗಿ ಬರ್ತೇನೆ," ಎಂದರು. ಮಕ್ಕಳ ಮೊದಲ ಪ್ರಸಾದದ ತರಗತಿ, ಶಿವಮೊಗ್ಗದಲ್ಲಿ ಮೀಟಿಂಗು ಅಂತ ಅವರಿಗೆ ಬಿಡುವೇ ಆಗಲಿಲ್ಲ. ಎರಡು ಭಾನುವಾರ ನಾನು ಪೂಜೆ ಮುಗಿಸಿ, ಕೈ ಬೀಸಿಕೊಂಡು ಮನೆಗೆ ಬಂದೆ. ಹೇಳಿದ ಹಾಗೆ ಕೇಳಿದೆ.

ಹರಿಹರದ ಇನ್ನಾಸಪ್ಪನವರು ನಮ್ಮ ಚರ್ಚಿನ ಹಳೆಯ ಜೀವ. ದಾವಣಗೆರೆಯ ಹತ್ತಿಮಿಲ್ಲಿನಲ್ಲಿ ಕೆಲಸ ಮಾಡಿ, ಲಕ್ವ ಹೊಡೆದ ಮೇಲೆ ಹೆಂಡತಿಯ ಜೊತೆ ಮಗಳ ಮನೆ ಸೇರಿದ್ದರು. ಹರಿಹರದಲ್ಲಿ ದೊಡ್ಡ ಚರ್ಚೇ ಇದೆ, ಅಲ್ಲಿಂದ ತರಿಸಿಕೊಳ್ಳಬಹುದಿತ್ತು. ಒಪ್ಪಲಿಲ್ಲ. "ಆರೋಗ್ಯ ಬರ್ತಾಳೆ," ಅನ್ನುತ್ತಿದ್ದರು. ಮುದುಕನ ಹಟ ಅನ್ನಿ. ಪ್ರಸಾದ ತೆಗೆದುಕೊಳ್ಳುವ ತನಕ ಹನಿ ಕಾಫಿ ಮುಟ್ಟುತ್ತಿರಲಿಲ್ಲ. ಕಾಯಿಲೆಯವರಿಗೆ ಉಪವಾಸದ ಕಟ್ಟಿಲ್ಲ ಎಂದು ನಾನೇ ನೂರು ಸಲ ಹೇಳಿದ್ದೆ. ಕೇಳಿದರೆ ತಾನೆ! ನಾನು ಬಸ್ಸಿಳಿದು ಅವರ ಮನೆ ಮುಟ್ಟುವ ಹೊತ್ತಿಗೆ ಹನ್ನೆರಡು ದಾಟಿರುತ್ತಿತ್ತು. ಆ ಮುದಿ ಜೀವ ಗೋಡೆಗೊರಗಿ ಕೂತು, ಕೂದಲು ಬಾಚಿಸಿಕೊಂಡು, ಬಾಗಿಲನ್ನೇ ನೋಡುತ್ತಿರುತ್ತಿತ್ತು.

ಎರಡನೆಯ ಭಾನುವಾರ ಕಳೆದು ಬುಧವಾರ ಇನ್ನಾಸಪ್ಪನವರು ತೀರಿಕೊಂಡರು. ಗುರುವಾರ ಮಣ್ಣು. ರಜಾ ಹಾಕಿ ಹೋದೆ. ಅವರ ಹೆಂಡತಿ ಸಂತಾನಮ್ಮ ನನ್ನನ್ನು ಕಂಡು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈ ಹಿಡಿದುಕೊಂಡು ಇಷ್ಟೇ ಹೇಳಿದರು: "ಎರಡು ಭಾನುವಾರನೂ ಒಂದು ಗಂಟೆ ತನಕ ಕಾಫಿ ಬ್ಯಾಡ ಅಂದ್ರಮ್ಮ. ಬರಲ್ಲಂತೆ ಅಂತ ನಾನು ಹೇಳಿದ್ರೂ ಕೇಳಲಿಲ್ಲ. ಬಸ್ ಲೇಟಾಗೈತೆ, ತಡಿ ಅಂದ್ರು."

ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಮೇಷ್ಟ್ರ ಮೇಲೆ ಸಿಟ್ಟು ಬಂದಿದ್ದು ಆಮೇಲೆ. ಮೊದಲು ಬಂದಿದ್ದು ನನ್ನ ಮೇಲೆಯೇ. ನನ್ನ ಗಂಡ ಬದುಕಿದ್ದಾಗ ಅವನ ಮಾತನ್ನೇ ಸುಮ್ಮನೆ ಕೇಳಿದವಳಲ್ಲ ನಾನು. ಇದೊಂದರಲ್ಲಿ ಯಾಕೆ ಕುರಿಮರಿಯ ಹಾಗೆ ತಲೆ ಬಗ್ಗಿಸಿದೆ? ಆ ದಿನ ಹರಿಹರದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ಇದನ್ನೇ ಕೇಳಿಕೊಂಡೆ. ರಾತ್ರಿ ಹೊಸ ಪೋಪ್ ಬಂದರು.

ಶನಿವಾರ ಮಧ್ಯಾಹ್ನ ಶಿಫ್ಟ್ ಮುಗಿಸಿ ನೆಟ್ಟಗೆ ಫಾದರ್ ಆಫೀಸಿಗೆ ಹೋದೆ. ಮೇಷ್ಟ್ರು ಅಲ್ಲೇ ಇದ್ದರು. ಫಾದರ್ ಟೀ ಕುಡಿಯುತ್ತಿದ್ದರು. ನಾನು ಕೂರಲಿಲ್ಲ.

"ಹೊಸ ಪೋಪ್ ಬಂದಾತಲ್ಲ ಮೇಷ್ಟ್ರೇ. ಡಬ್ಬಿ ಕೊಡ್ರಿ."

ಮೇಷ್ಟ್ರು ನಿಧಾನವಾಗಿ ಕನ್ನಡಕ ತೆಗೆದು ಒರೆಸಿದರು. "ಟಿವಿ ನೋಡಿದ್ಯಾ? ಹೊಸಬ್ರು ಕೆಂಪು ಮೇಲಂಗಿ ಹಾಕ್ಕಂಡು ಬಂದ್ರು. ಹಿಂದಿನವ್ರು ಆಯ್ಕೆ ಆದ ದಿನ ಅದನ್ನ ಹಾಕ್ಕಂಡಿರಲಿಲ್ಲ, ಬರೀ ಬಿಳಿಯಾಗೇ ಬಂದಿದ್ರು. ಇದರ ಅರ್ಥ ಏನು? ಹಳೇ ಪದ್ಧತಿ ವಾಪಸ್ ಬರ್ತೈತೆ. ಹೆಂಗಸರ ಕೈಯಾಗ ಡಬ್ಬಿ ಕೊಡೋದು ಇನ್ನು ಇರ್ತದೋ ಇಲ್ವೋ. ಕಾದು ನೋಡೋಣ."

ಪಿತ್ತ ನೆತ್ತಿಗೇರಿತು.

"ಹೊಸಬ್ರು ಬರ್ಲಿ ಅಂದ್ರಿ, ಬಂದ್ರು. ಈಗ ಅವರ ಮೇಲಂಗಿ ನೋಡಿ ಶಕುನ ಹೇಳ್ತೀರಾ? ಅಲ್ಲ ಮೇಷ್ಟ್ರೇ, ನನ್ನ ಪತ್ರ ರದ್ದಾದ್ರೆ ನಿಮ್ಮ ಉಪಾಧ್ಯಕ್ಷಗಿರಿ ಏನಾತು? ನಿಮ್ಮನ್ನ ಆರಿಸಿದ್ದು ಹೋದ ವರ್ಷ. ಅದೂ ಅದೇ ಪೋಪರ ಕಾಲ."

"ಅದು ಬ್ಯಾರೆ."

"ಹೆಂಗೆ ಬ್ಯಾರೆ? ಈ ಫಾದರ್‌ಗೆ ಗುರುದೀಕ್ಷೆ ಆಗಿದ್ದೂ ಅದೇ ಕಾಲದಾಗ. ಹಂಗಾರೆ ಇಷ್ಟು ದಿನ ಇವರು ಪೂಜೆ ಮಾಡಿದ್ರೋ, ನಾಟಕ ಮಾಡಿದ್ರೋ? ಆ ಪೋಪರ ಕಾಲದಾಗ ಮದುವೆ ಆದೋರೆಲ್ಲ ಈಗ ಬ್ಯಾರೆ ಬ್ಯಾರೆ ಮಲಗಬೇಕಾ?"

ಫಾದರಿಗೆ ಟೀ ನೆತ್ತಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ನಗುವೋ ಗಾಬರಿಯೋ ಗೊತ್ತಾಗಲಿಲ್ಲ. ಮೇಷ್ಟ್ರ ಮುಖ ಕೆಂಪಾಯಿತು. ಕೊನೆಗೆ ಫಾದರೇ ಸುಧಾರಿಸಿಕೊಂಡು, "ಸೋಮವಾರ ಬಿಷಪ್ ಆಫೀಸಿಗೆ ಫೋನ್ ಮಾಡಿ ಕೇಳ್ತೇನೆ ಆರೋಗ್ಯಮ್ಮ. ಒಂದೇ ಒಂದು ವಾರ," ಎಂದರು.

"ಇನ್ನಾಸಪ್ಪನೋರಿಗೆ ಯಾವ ಸೋಮವಾರ ಬಂತು ಫಾದರ್?" ಎಂದೆ. ಮೇಷ್ಟ್ರು ಕ್ಯಾಲೆಂಡರ್ ನೋಡಿದರು. ನಾನು ಹೊರಟುಬಂದೆ.

ಭಾನುವಾರ ಚರ್ಚಿನ ಗೇಟಿಗೆ ಹೊಸ ಪೋಪರ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಕೆಳಗೆ ಸಾಲಾಗಿ ಮೇಷ್ಟ್ರು ಮತ್ತು ಸಮಿತಿಯವರ ಪಾಸ್‌ಪೋರ್ಟ್ ಫೋಟೋಗಳು. ಪೋಪರಿಗಿಂತ ಕೆಳಗಿನ ಸಾಲಿನವರೇ ಜೋರಾಗಿ ನಗುತ್ತಿದ್ದರು. ಪೂಜೆ ಮುಗಿದ ಮೇಲೆ ಹಂಚಲಿಕ್ಕೆ ಲಾಡು ಬಂದಿತ್ತು. ಪೂಜೆಯ ನಡುವೆ ಫಾದರ್ ಹೊಸ ಪೋಪರ ಹೆಸರು ಹೇಳಿ ಪ್ರಾರ್ಥಿಸಿದಾಗ ಜನ ಕತ್ತು ಚಾಚಿ ಕೇಳಿದರು. ನಾನೂ ಅವರಿಗಾಗಿ ಬೇಡಿಕೊಂಡೆ. ಅವರ ಮೇಲೆ ನನಗೇನು ಸಿಟ್ಟು? ಅವರಿಗೆ ನಾನು ಯಾರು ಅಂತಲೂ ಗೊತ್ತಿಲ್ಲ, ಪಾಪ.

ಪ್ರಸಾದ ಹಂಚಿಯಾಯಿತು. ಹಾಡು ನಿಂತಿತು. ನಾನು ಎದ್ದೆ. ಸೆರಗು ತಲೆಯ ಮೇಲೆಳೆದುಕೊಂಡು ನಡುದಾರಿಯಲ್ಲಿ ನಡೆದು, ಪೀಠದ ಮೆಟ್ಟಿಲು ಹತ್ತಿ, ಆರು ವರ್ಷ ನಿಂತ ಜಾಗದಲ್ಲೇ ನಿಂತೆ.

ಫಾದರ್ ನನ್ನನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ಪುಸ್ತಕ ನೋಡಿದರು. ನಾನು ಅಲ್ಲಿ ನಿಂತಿರುವ ತನಕ ಅವರು ಕೊನೆಯ ಆಶೀರ್ವಾದ ಹೇಳುವ ಹಾಗಿಲ್ಲ. ಪೂಜೆ ಮುಗಿಯುವ ಹಾಗಿಲ್ಲ, ಲಾಡು ಹಂಚುವ ಹಾಗೂ ಇಲ್ಲ.

ಮೇಷ್ಟ್ರು ಮುಂದಿನ ಬೆಂಚಿನಿಂದ ಎದ್ದು ಬಂದರು. "ಆರೋಗ್ಯಮ್ಮ, ಹೋಗಿ ಕೂಡ್ರಮ್ಮ. ಜನ ನೋಡ್ತಾ ಅದಾರೆ."

"ನೋಡ್ಲಿ," ಎಂದೆ. ಹತ್ತಿರದ ಮೈಕಿನಲ್ಲಿ ಅದು ಇಡೀ ಚರ್ಚಿಗೆ ಕೇಳಿಸಿತು. ಕೇಳಿಸಿದ್ದೇ ಒಳ್ಳೆಯದಾಯಿತು. "ಡಬ್ಬಿ ಕೊಡೋತನಕ ಇಳಿಯಲ್ಲ. ಎರಡು ವಾರ ನಿಮ್ಮ ಮಾತು ಕೇಳಿದೆ. ಕೇಳಬಾರದಿತ್ತು. ಆ ತಪ್ಪು ನಂದು, ದೇವರ ಹತ್ರ ನಾನೇ ಹೇಳ್ಕಂತೀನಿ. ಮೂರನೇ ವಾರ ಕೇಳಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಶ್ ಅಂದರು. ನನ್ನ ಪರವಾಗಿ ಯಾರೂ ಏಳಲಿಲ್ಲ. ಏಳುತ್ತಾರೆ ಎಂದು ನಾನೂ ಅಂದುಕೊಂಡಿರಲಿಲ್ಲ.

ಆಗ ಹೆಂಗಸರ ಕಡೆಯಿಂದ ಒಂದು ದನಿ ಬಂತು. ಸಂತಾನಮ್ಮ. ಗಂಡನ ಹೆಸರಿನಲ್ಲಿ ಪೂಜೆ ಹೇಳಿಸಿದ್ದರು, ಅದಕ್ಕೆ ಮಗಳ ಜೊತೆ ಹರಿಹರದಿಂದ ಬಂದಿದ್ದರು. ಅವರು ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಹೇಳಿದರು.

"ಕೊಡ್ರಿ ಫಾದರ್. ನಮ್ಮನೆಗೆ ಇನ್ನು ಬ್ಯಾಡ. ಉಳಿದ ನಾಲ್ಕು ಮನೆಗಾದ್ರೂ ಹೋಗ್ಲಿ."

ಫಾದರ್ ಪ್ರಮೋದ್ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ತಿರುಗಿ ಹೋಗಿ, ಪೀಠದ ಹಿಂದಿನ ಪೆಟ್ಟಿಗೆಯಿಂದ ಪ್ರಸಾದದ ಪಾತ್ರೆ ತೆಗೆದರು. ನನ್ನ ಡಬ್ಬಿಯನ್ನೂ ತೆಗೆದರು. ಒಂದೊಂದಾಗಿ ನಾಲ್ಕು ಇಟ್ಟರು. ಮುಚ್ಚಳ ಹಾಕಿ ನನ್ನ ಅಂಗೈ ಮೇಲಿಟ್ಟರು. "ಹೋಗಿ ಬನ್ನಿ," ಎಂದರು. ಮೇಷ್ಟ್ರ ಕಡೆ ನೋಡಲಿಲ್ಲ. ಅವತ್ತು ನನಗೆ ಆ ಹುಡುಗನ ಮೇಲೆ ಪ್ರೀತಿ ಉಕ್ಕಿತು.

ಡಬ್ಬಿಯನ್ನು ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡು ಹೊರಗೆ ಬಂದೆ. ಯಾವಾಗಲೂ ನನ್ನನ್ನು ಕರೆದೊಯ್ಯುವ ಆಟೋದ ಮಸ್ತಾನಸಾಬ್ ಗೇಟಿನ ಹತ್ತಿರವೇ ಇದ್ದ. ಪ್ರಸಾದ ಒಯ್ಯುವಾಗ ನಮ್ಮಲ್ಲಿ ದಾರಿಯಲ್ಲಿ ಮಾತಾಡುವುದಿಲ್ಲ, ಎಲ್ಲೂ ನಿಲ್ಲುವುದಿಲ್ಲ. ದೇವರು ಎದೆಯ ಮೇಲಿರುವಾಗ ಹರಟೆ ಏನು? ಮಸ್ತಾನಸಾಬನಿಗೆ ಅದು ಗೊತ್ತು. ನನ್ನ ಕೊರಳು ನೋಡಿದವನೇ ಹಾಡು ಬಂದ್ ಮಾಡಿದ. "ನಿಜಲಿಂಗಪ್ಪ ಬಡಾವಣೆ ಮೊದಲಾ ಅಕ್ಕಾ?" ಎಂದ. ತಲೆಯಾಡಿಸಿದೆ. ಆ ಬಡಾವಣೆಯಲ್ಲಿ ಇರುವುದು ಮೇಷ್ಟ್ರ ಮನೆ. ನಾನು ಪ್ರತಿವಾರ ಶುರು ಮಾಡುವುದು ಅಲ್ಲಿಂದಲೇ, ಅವರ ತಾಯಿ ಜ್ಞಾನಮ್ಮನಿಂದ. ಇವತ್ತು ಅಂಜಿ ಬೇರೆ ಕಡೆಯಿಂದ ಶುರು ಮಾಡಿದರೆ ನನ್ನ ಮುಖ ನನಗೇ ನೋಡಲಾಗುತ್ತಿರಲಿಲ್ಲ.

ದಾರಿಯಲ್ಲೇ ಮೇಷ್ಟ್ರ ಸ್ಕೂಟರ್ ಭರ್ರನೆ ನಮ್ಮನ್ನು ದಾಟಿ ಹೋಯಿತು. ಲಾಡು ಹಂಚುವುದನ್ನೂ ಬಿಟ್ಟು ಬಂದಿದ್ದರು. ನಾವು ಮುಟ್ಟುವ ಹೊತ್ತಿಗೆ ಗೇಟಿಗೆ ಅಡ್ಡಲಾಗಿ, ಒಳಗಿನ ಚಿಲಕ ಹಿಡಿದುಕೊಂಡು ನಿಂತಿದ್ದರು.

"ನಮ್ಮನೆಗೆ ಬ್ಯಾಡಮ್ಮ. ಉಳಿದೋರಿಗೆ ಏನಾದ್ರೂ ಮಾಡ್ಕೋ ಹೋಗು. ಬಿಷಪ್ ಆಫೀಸಿನಿಂದ ಉತ್ತರ ಬರೋತನಕ ನಮ್ಮನೆ ಗೇಟ್ ತೆಗಿಯಲ್ಲ. ನಾನು ಒಂದು ಮಾತು ಅಂದ ಮ್ಯಾಲೆ ಮುಗೀತು."

ಎಂಥ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು ಅಂತೀರಿ! ಆದರೆ ಎದೆಯ ಮೇಲೆ ಡಬ್ಬಿ. ಹಲ್ಲು ಕಚ್ಚಿಕೊಂಡು ಬಿಸಿಲಲ್ಲಿ ನಿಂತೆ. ಹೋಗು ಅಂದರೂ ಹೋಗಲಿಲ್ಲ. ಅವರು ಗೇಟಿನ ಆ ಕಡೆ, ನಾನು ಈ ಕಡೆ. ಎದುರು ಮನೆಯವರು ಹೊರಗೆ ಬಂದು ನೋಡಿದರು. ಮಸ್ತಾನಸಾಬ್ ಇಂಜಿನ್ ಆಫ್ ಮಾಡಿ ಆಟೋದಿಂದ ಇಳಿದು ನಿಂತ.

ಮುಂದಿನ ಕೋಣೆಯ ಕಿಟಕಿ ತೆರೆದಿತ್ತು. ಅದರ ಹಿಂದೆಯೇ ಜ್ಞಾನಮ್ಮನ ಮಂಚ.

"ಲೇ ಸಿಪ್ರಿ, ಯಾರದು? ಆರೋಗ್ಯ ಬಂದಾಳಾ?"

"ನೀ ಸುಮ್ನಿರವ್ವ. ಅವಳ ಪತ್ರ ರದ್ದಾಗೈತೆ. ಹೊಸ ಪೋಪರ ಕಾಲದಾಗ ಹೊಸ ಪತ್ರ ಬರಬೇಕು."

ತೊಂಬತ್ತರ ಮುದುಕಿ ಒಳಗೆ ಉಸಿರು ಕೂಡಿಸಿಕೊಂಡಳು.

"ನೀ ಹುಟ್ಟಿದ ಮ್ಯಾಲೆ ಏಳು ಮಂದಿ ಪೋಪರು ಬಂದು ಹೋದ್ರಲ್ಲೋ," ಎಂದಳು. "ಪ್ರತಿ ಸಲನೂ ನಾನು ನಿನ್ನ ತಾಯಿ ಅಂತ ಹೊಸ ಪತ್ರ ತರಿಸ್ಕಂಡ್ಯಾ? ಇನ್ನಾಸಪ್ಪ ಹೆಂಗೆ ಹೋದ ಅಂತ ನಂಗೂ ಗೊತ್ತೈತೆ. ನನ್ನೂ ಹಂಗೇ ಕಳಿಸ್ತೀಯೇನೋ? ಗೇಟ್ ತೆಗಿ!"

ಮೇಷ್ಟ್ರು ಅಲುಗಾಡಲಿಲ್ಲ. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅರವತ್ತು ಎಪ್ಪತ್ತು ಮಕ್ಕಳ ಕ್ಲಾಸನ್ನು ಒಂದೇ ನೋಟದಲ್ಲಿ ಅಡಗಿಸುತ್ತಿದ್ದ ಮನುಷ್ಯ. ಆ ಕೈ ಚಿಲಕದ ಮೇಲೆ ಎರಡು ಸಲ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಗೇಟು ತೆಗೆದರು. ನಾನು ಒಳಗೆ ಹೋದೆ.

ಮಂಚದ ಪಕ್ಕ ಮೊಂಬತ್ತಿ ಹಚ್ಚಿದ್ದು ಮೇಷ್ಟ್ರೇ. ಹಚ್ಚಿ, ಗೋಡೆ ಹಿಡಿದುಕೊಂಡು ಮೊಣಕಾಲೂರಿದರು. ನಾನು ಪ್ರಾರ್ಥನೆ ಹೇಳಿ ಪ್ರಸಾದ ಎತ್ತಿ ಹಿಡಿದು "ಕ್ರಿಸ್ತರ ಶರೀರ" ಎಂದೆ. ಜ್ಞಾನಮ್ಮ "ಆಮೆನ್" ಎಂದ ದನಿ ರಸ್ತೆಗೆ ಕೇಳಿಸಿರಬೇಕು. ಆಗ ನನಗೆ ಇನ್ನಾಸಪ್ಪನವರ ಬಾಚಿದ ತಲೆ ನೆನಪಾಗಿ, ತಡೆಯಲಾಗದೆ, ಅಲ್ಲೇ ನಿಂತು ಅತ್ತುಬಿಟ್ಟೆ. ಜ್ಞಾನಮ್ಮ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಮೇಷ್ಟ್ರು ತಲೆ ಎತ್ತಲಿಲ್ಲ.

ಹೊರಡುವಾಗ ಮೇಷ್ಟ್ರು ಗೇಟಿನ ತನಕ ಬಂದರು. "ನಾಳೆ ಬಿಷಪ್ ಆಫೀಸಿಗೆ ನಾನೇ ಹೋಗಿ ಕೇಳ್ತೀನಿ," ಎಂದರು. ಸೋತ ದನಿಯೇನಲ್ಲ. "ಕೊಡಬಾರ್ದು ಅಂತ ಅವರು ಬರೆದು ಕೊಟ್ರೆ ಏನ್ಮಾಡ್ತೀಯಾ?"

ಡಬ್ಬಿಯಲ್ಲಿ ಇನ್ನೂ ಮೂರು ಇದ್ದವು. ಡಬ್ಬಿ ಕೊರಳಲ್ಲಿರುವಾಗ ಪ್ರಾರ್ಥನೆಗಲ್ಲದೆ ಬಾಯಿ ಬಿಡಬಾರದು ಎಂದು ನನಗೆ ಗೊತ್ತು. ಆರು ವರ್ಷದಲ್ಲಿ ಒಂದು ಸಲವೂ ಬಿಟ್ಟಿರಲಿಲ್ಲ. ಅದರ ಮೇಲೆ ಕೈಯಿಟ್ಟುಕೊಂಡು, ಒಳಗಿರುವ ದೇವರಿಗೂ ಕೇಳಿಸಲಿ ಎಂದೇ ಹೇಳಿದೆ:

"ಮುಂದಿನ ಭಾನುವಾರನೂ ಬರ್ತೀನಿ ಮೇಷ್ಟ್ರೇ."